ಎಡಗಣ್ಣು ಅದುರಿದ ಬೇಸಗೆ

ಬಂಟ್ವಾಳದ ಕೆಳಗಿನ ಪೇಟೆಯಲ್ಲಿ ಬೇಸಗೆ ಬಂದದ್ದು ಆಗೆಲ್ಲ ಮೂಗಿಗೇ ಮೊದಲು ಗೊತ್ತಾಗುತ್ತಿತ್ತು. ಹೊಳೆಗೆ ಇಳಿಯುವ ನಮ್ಮ ಓಣಿಯ ಎರಡೂ ಬದಿಯ ಮನೆಗಳಲ್ಲಿ ಹಲಸಿನಕಾಯಿ ಬೇಯುವ ವಾಸನೆ, ಒರಳಿಗೆ ಒನಕೆ ಬೀಳುವ ಸದ್ದು. ಬೆಂದ ಸೊಳೆಗಳನ್ನು ಗುದ್ದಿ, ಮೆಣಸು, ಜೀರಿಗೆ, ಉಪ್ಪು ಸೇರಿಸಿ ಉಂಡೆ ಕಟ್ಟುವುದು. ಎಣ್ಣೆ ಸವರಿದ ಬಾಳೆಲೆಯ ಚೂರುಗಳ ನಡುವೆ ಇಟ್ಟು ಒತ್ತುವುದು. ಅಂಗಳದ ಚಾಪೆಯಲ್ಲಿ ಸಾಲಾಗಿ ಹರಡುವುದು. ಕಾಗೆ ಓಡಿಸುವುದು ಮಕ್ಕಳ ಕೆಲಸ. ಅರ್ಧ ಒಣಗಿದ ಹಪ್ಪಳವನ್ನು ಚಾಪೆಯಿಂದ ಮೆಲ್ಲಗೆ ಕಿತ್ತು ತಿನ್ನುವುದೂ ನಮ್ಮದೇ ಕೆಲಸ. ಹಾಗೆ ತಿಂದವರಿಗೆ ಅದರ ರುಚಿಯನ್ನು ನಾನು ಹೇಳಬೇಕಾಗಿಲ್ಲ. ತಿನ್ನದವರಿಗೆ ಹೇಳಿ ಪ್ರಯೋಜನವಿಲ್ಲ.

ಅಂಥ ಒಂದು ಬೇಸಗೆಯಲ್ಲಿ, ಐವತ್ತರ ದಶಕದ ಕೊನೆಗೆ, ನನಗೆ ಒಂಬತ್ತು ವರ್ಷವಾಗಿದ್ದಾಗ, ನನ್ನ ಎಡಗಣ್ಣಿನ ಮೇಲಿನ ರೆಪ್ಪೆ ಅದುರಲು ಸುರುವಾಯಿತು. ಒಂದು ದಿನ, ಎರಡು ದಿನ ಅಲ್ಲ. ಒಂದು ತಿಂಗಳಿಗೂ ಮೇಲೆ.

ನಾವಿದ್ದದ್ದು ಅಮ್ಮನ ತಾಯಿಯ ಮನೆಯಲ್ಲಿ. ಅಪ್ಪ ಬೆಳ್ತಂಗಡಿಯಲ್ಲಿ ಗುಮಾಸ್ತರು. ಅಲ್ಲೇ ಒಂದು ಕೋಣೆ ಮಾಡಿಕೊಂಡು, ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದರು. ಮನೆಯಲ್ಲಿ ಅಜ್ಜಿ, ಅಮ್ಮ, ಅಮ್ಮನ ಅಣ್ಣ ದೊಡ್ಡ ಮಾವ, ಅಮ್ಮನ ತಮ್ಮ ವಾಸು ಮಾವ, ಮತ್ತೆ ನಾನು. ದೊಡ್ಡ ಮಾವನಿಗೆ ಪೇಟೆಯಲ್ಲಿ ದಿನಸಿ ಅಂಗಡಿ. ವಾಸು ಮಾವನಿಗೆ ಆಗ ಇಪ್ಪತ್ತು ತುಂಬಿತ್ತೋ ಇಲ್ಲವೋ. ಅವನು ಅಣ್ಣನ ಅಂಗಡಿಯಲ್ಲಿ ಚಿಮಣಿ ಎಣ್ಣೆ ಅಳೆದು ಕೊಡುತ್ತಿದ್ದ. ಆದರೆ ಅವನ ಕಣ್ಣು ಯಾವಾಗಲೂ ಹೊಳೆಯ ಕಡೆಗೆ. ಆಗ ನೇತ್ರಾವತಿಯಲ್ಲಿ ಮಂಗಳೂರಿಗೆ ಸರಕಿನ ದೋಣಿಗಳು ಹೋಗುತ್ತಿದ್ದವು. ಅಂಗಡಿಯ ಹಿಂದಿನ ಬಾಗಿಲಲ್ಲಿ ನಿಂತರೆ ದೋಣಿಯವರು ಗಳ ಊರಿ ಸಾಗುವುದು ಕಾಣುತ್ತಿತ್ತು.

ಒಂದು ದಿನ ಪೀಪಾಯಿಯ ನಳ್ಳಿ ತಿರುಗಿಸಿಟ್ಟು ಅವನು ಹಾಗೆಯೇ ದೋಣಿ ನೋಡುತ್ತಾ ನಿಂತ. ಡಬ್ಬ ತುಂಬಿ, ಎಣ್ಣೆ ನೆಲಕ್ಕೆ ಹರಿದು, ಅಕ್ಕಿ ಮೂಟೆಯ ಅಡಿಗೆ ಹೋಯಿತು. ದೊಡ್ಡ ಮಾವ ಗಿರಾಕಿಗಳ ಎದುರಿಗೇ ಅವನ ಕೆನ್ನೆಗೆ ಹೊಡೆದರು.

ವಾಸು ಮಾವ ಮನೆಗೆ ಬಂದಾಗ ಅಜ್ಜಿ ಹಿತ್ತಿಲ ಒಲೆಯ ಮುಂದೆ ಕೂತು ಹಲಸು ಬೇಯಿಸುತ್ತಿದ್ದರು. ಮೈಯೆಲ್ಲ ಬೆವರು, ಕೈಯೆಲ್ಲ ಮೇಣ.

"ನಾನು ಇನ್ನು ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ" ಎಂದ ಮಾವ.

"ಮತ್ತೆಂತ ಮಾಡ್ತಿ? ನಿನ್ನನ್ನು ಕೂರಿಸಿ ಸಾಕ್ಲಿಕ್ಕೆ ಇಲ್ಲಿ ಯಾರಿದ್ದಾರೆ?"

"ಎಂತದಾದ್ರೂ ಮಾಡ್ತೇನೆ. ಅಂಗಡಿಗೆ ಮಾತ್ರ ಹೋಗುವುದಿಲ್ಲ."

"ಅಂಗಡಿಗೆ ಹೋಗ್ಲಿಕ್ಕೆ ಆಗದಿದ್ರೆ ಹೊಳೆಗೆ ಹೋಗಿ ಬೀಳು!"

ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಆ ಮಾತು ಇನ್ನೂ ಚಿಕ್ಕದು, ಇನ್ನೂ ಚೂಪು. ಅಜ್ಜಿ ಸಿಟ್ಟಿನಲ್ಲಿ ಇಂಥದ್ದನ್ನು ದಿನಕ್ಕೆ ನಾಲ್ಕು ಸಲ ಅನ್ನುತ್ತಿದ್ದರು, ನನಗೂ ಅಂದದ್ದುಂಟು. ಆ ದಿನ ವಾಸು ಮಾವ ತಿರುಗಿ ಹೊರಟುಹೋದ. ಊಟಕ್ಕೂ ಬರಲಿಲ್ಲ.

ಮರುದಿನ ಬೆಳಗ್ಗೆ ಅವನೇ ನನ್ನನ್ನು ಎಬ್ಬಿಸಿದ. ಕೋಳಿ ಕೂಗಿ ಆಗಿತ್ತು. ಬೆಳಕು ಪೂರ್ತಿ ಬಂದಿರಲಿಲ್ಲ.

"ಸರೂ, ಸದ್ದು ಮಾಡ್ಬೇಡ. ಬಾ, ಹೊಳೆಗೆ ಹೋಗುವ."

ಅವನ ಕಂಕುಳಲ್ಲಿ ಬಟ್ಟೆಯ ಗಂಟಿತ್ತು. ಹೊಳೆಯ ಕಟ್ಟೆಯ ಕೆಳಗೆ ಕಟ್ಟಿಗೆ ತುಂಬಿದ ಒಂದು ದೋಣಿ ಹೊರಡಲು ಸಿದ್ಧವಾಗಿತ್ತು. ದೋಣಿಯವನು ನಮ್ಮ ಕಡೆಯವನಲ್ಲ. ಮೆಟ್ಟಿಲಲ್ಲಿ ಮಾವ ತನ್ನ ಚಪ್ಪಲಿ ಕಳಚಿ ನನ್ನ ಕೈಗೆ ಕೊಟ್ಟ.

"ನಾನು ಬೊಂಬಾಯಿಗೆ ಹೋಗ್ತೇನೆ. ಮಂಗಳೂರಿನಿಂದ ಸ್ಟೀಮರು ಉಂಟು. ಮಳೆ ಬಂದ್ರೆ ಅದೂ ಇಲ್ಲ. ಈ ಚಪ್ಪಲಿಯನ್ನು ಜಗಲಿಯ ಕೆಳಗೆ ಇಡು, ಆಯ್ತಾ? ಚಪ್ಪಲಿ ಕಂಡ್ರೆ ನಾನು ಅಟ್ಟದಲ್ಲಿ ಮಲಗಿದ್ದೇನೆ ಅಂತ ಎಣಿಸ್ತಾರೆ. ಮಧ್ಯಾಹ್ನದವರೆಗೆ ಯಾರೂ ಹುಡುಕುವುದಿಲ್ಲ."

"ಅಜ್ಜಿಗೆ ಹೇಳ್ಲಿಕ್ಕಿಲ್ವಾ?"

"ಕಾಗದ ಬರೀತೇನೆ. ಕಾಗದ ಬರುವವರೆಗೆ ನೀನು ಬಾಯಿ ಬಿಡ್ಬಾರ್ದು. ಅಣ್ಣನಿಗೆ ಗೊತ್ತಾದ್ರೆ ಕಿವಿ ಹಿಡಿದು ಎಳ್ಕೊಂಡು ಬರ್ತಾನೆ. ಅಜ್ಜಿಯ ತಲೆಯಾಣೆ ಹಾಕು."

"ಅದು ಬೇಡ ಮಾವ."

"ಹಾಕದಿದ್ರೆ ನೀನು ಹೇಳ್ತಿ. ನಂಗೆ ಗೊತ್ತುಂಟು ನೀನು."

ನಾನು ಚಪ್ಪಲಿ ಕೆಳಗಿಟ್ಟು ಹಾಕಿದೆ. ಅಜ್ಜಿಯ ತಲೆಯಾಣೆ, ಯಾರಿಗೂ ಹೇಳುವುದಿಲ್ಲ ಎಂದೆ. ಹೇಳಿದರೆ ಅಜ್ಜಿ ಸಾಯುತ್ತಾರೆ ಎಂಬುದು ನಮಗಾಗ ಬೆಂಕಿ ಮುಟ್ಟಿದರೆ ಸುಡುತ್ತದೆ ಎನ್ನುವಷ್ಟೇ ಖಾತ್ರಿಯ ವಿಷಯ. ಮಾವ ಮೊಣಕಾಲುದ್ದದ ನೀರಿಗಿಳಿದು ದೋಣಿ ಹತ್ತಿದ. ಅದು ತಿರುವಿನಲ್ಲಿ ಮರೆಯಾಗುತ್ತಿದ್ದಂತೆ ಓಣಿಯ ಮೇಲಿನಿಂದ ಯಾರೋ ಕೆಮ್ಮಿದ್ದು ಕೇಳಿಸಿತು. ನಾನು ಬೇಲಿಯ ಸಂದಿಯಿಂದ ನುಗ್ಗಿ ಮನೆಗೆ ಓಡಿದೆ. ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಮಲಗಿದ ಮೇಲೆಯೇ ನೆನಪಾದದ್ದು: ಚಪ್ಪಲಿ ಕಟ್ಟೆಯ ಮೆಟ್ಟಿಲಲ್ಲೇ ಉಳಿಯಿತು.

ಅದನ್ನು ಮೊದಲು ಕಂಡದ್ದು ನಮ್ಮಲ್ಲಿ ಹಪ್ಪಳ ಗುದ್ದಲು ಬರುತ್ತಿದ್ದ ಕಮಲಕ್ಕ. ಎರಡು ಚಪ್ಪಲಿಗಳನ್ನೂ ಸೆರಗಿನಲ್ಲಿ ಹಿಡಿದುಕೊಂಡು ಅವಳು ಅಂಗಳಕ್ಕೆ ಬಂದು ನಿಂತಳು. ಅಜ್ಜಿ ಚಪ್ಪಲಿ ನೋಡಿದರು, ಅಟ್ಟದ ಏಣಿ ನೋಡಿದರು. ಅಮ್ಮ ಏಣಿ ಹತ್ತಿ ಇಳಿದಳು. ಆಮೇಲೆ ಅಜ್ಜಿ ಕೂತಲ್ಲಿಂದ ಎದ್ದ ರೀತಿ ನನ್ನ ಕಣ್ಣಿಗೆ ಇನ್ನೂ ಕಟ್ಟುತ್ತದೆ. ಮೊದಲು ಒಂದು ಕೈ ನೆಲಕ್ಕೆ ಊರಿ, ಮತ್ತೆ ಇನ್ನೊಂದು ಕೈ ಊರಿ, ಎಳೆ ಮಗು ಏಳುವ ಹಾಗೆ.

ಕಟ್ಟೆಯಿಂದ ಸ್ವಲ್ಪ ಕೆಳಗೆ ಹೊಳೆಯಲ್ಲಿ ಒಂದು ಆಳದ ಮಡು ಇತ್ತು, ಕಯ ಎನ್ನುತ್ತಿದ್ದೆವು. ಬೇಸಗೆಯಲ್ಲೂ ಅದರ ನೀರು ಕಪ್ಪು. ದೋಣಿಯವರು ಎರಡು ದಿನ ಅಲ್ಲಿ ಮುಳುಗಿ ಹುಡುಕಿದರು. ದೊಡ್ಡ ಮಾವ ದಡದಲ್ಲಿ ಅಂಗಿ ಹಾಕದೆ, ಊಟ ಮಾಡದೆ ನಿಂತಿದ್ದರು. ಓಣಿಯ ಹೆಂಗಸರು ನಮ್ಮ ಜಗಲಿಯಲ್ಲಿ ಸಾಲಾಗಿ ಕೂತಿದ್ದರು. ನಾನು ಕಂಬಕ್ಕೆ ಒರಗಿ ನಿಂತು ಎಲ್ಲರ ಬಾಯಿಗಳನ್ನು ನೋಡುತ್ತಿದ್ದೆ. ಒಂದೇ ಒಂದು ಮಾತು ಸಾಕು. ಆ ಮಾತು ನಾಲಗೆಯ ತುದಿಗೆ ಬಂದಾಗಲೆಲ್ಲ ಅಜ್ಜಿಯ ನೆತ್ತಿ ಕಾಣುತ್ತಿತ್ತು. ಬೈತಲೆಯ ಹತ್ತಿರ ಕೂದಲು ಉದುರಿ ಅಲ್ಲಿ ಚರ್ಮ ಹೊಳೆಯುತ್ತಿತ್ತು. ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ಮೂರನೆಯ ದಿನ ಬೆಳಗ್ಗೆ ಹಲ್ಲುಜ್ಜುವಾಗ ರೆಪ್ಪೆ ಅದುರಿತು. ಕಣ್ಣಿಗೆ ಇರುವೆ ಬಿತ್ತೆಂದು ಒರಸಿಕೊಂಡೆ. ಮತ್ತೆ ಅದುರಿತು. ಚರ್ಮದ ಅಡಿಯಲ್ಲಿ ಒಂದು ಗೊದಮೊಟ್ಟೆ ಸಿಕ್ಕಿಹಾಕಿಕೊಂಡು ಬಾಲ ಬಡಿಯುತ್ತಿದ್ದಂತೆ. ಎರಡು ನಿಮಿಷ ನಿಲ್ಲುವುದು, ಇನ್ನು ಇಲ್ಲ ಎಂದುಕೊಳ್ಳುವಷ್ಟರಲ್ಲಿ ಮತ್ತೆ. ನಾನು ತಂಬಿಗೆಯ ತಣ್ಣಗಿನ ಹೊಟ್ಟೆಗೆ ಕಣ್ಣು ಒತ್ತಿ ಹಿಡಿದೆ. ನಂದಿಬಟ್ಟಲು ಹೂವನ್ನು ಇಬ್ಬನಿಯ ಸಮೇತ ಕೊಯ್ದು ರೆಪ್ಪೆಯ ಮೇಲಿಟ್ಟುಕೊಂಡೆ. ಹೂವೂ ಅದುರಿತು.

ನಾಲ್ಕೈದು ದಿನ ಯಾರೂ ಗಮನಿಸಲಿಲ್ಲ. ಗಮನಿಸಿದ್ದು ಅಜ್ಜಿ. ಹೊಳೆಯಲ್ಲಿ ಏನೂ ಸಿಗಲಿಲ್ಲವೆಂದು ದೋಣಿಯವರು ಹುಡುಕುವುದನ್ನು ಬಿಟ್ಟಿದ್ದರು. ಅಜ್ಜಿ ಗೋಡೆಗೆ ಒರಗಿ ಕೂತಿದ್ದರು. ನಾನು ನೀರು ಕೊಡಲು ಬಗ್ಗಿದೆ.

"ನಿನ್ನ ಕಣ್ಣಿಗೆ ಎಂತಾಗಿದೆ?"

"ಅದುರ್ತದೆ ಅಜ್ಜಿ."

"ಯಾವುದು? ಎಡದ್ದಾ? ಇಲ್ಲಿ ಬಾ." ಅವರು ಲೋಟ ಕೆಳಗಿಟ್ಟು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ರೆಪ್ಪೆಯ ಮೇಲೆ ತೋರುಬೆರಳಿಟ್ಟರು. ಗೊದಮೊಟ್ಟೆ ಬಾಲ ಬಡಿಯಿತು. ಅಜ್ಜಿಯ ಮುಖದಲ್ಲಿ ಒಂದು ವಾರದಿಂದ ಇಲ್ಲದ ಏನೋ ಬಂತು.

"ಹೆಣ್ಣುಮಕ್ಕಳಿಗೆ ಎಡಗಣ್ಣು ಅದುರಿದ್ರೆ ಒಳ್ಳೆಯ ಸುದ್ದಿ ಬರ್ತದೆ. ಅವ ಇದ್ದಾನೆ." ಆಮೇಲೆ ಒಳಗೆ ಕೂಗಿದರು, "ಕೇಳಿತಾ? ಮಗುವಿನ ಎಡಗಣ್ಣು ಅದುರ್ತದೆ. ಅವ ಇದ್ದಾನೆ!"

ಆ ದಿನ ಅಜ್ಜಿ ಗಂಜಿ ಉಂಡರು.

ಅಲ್ಲಿಂದ ಮುಂದೆ ದಿನಾ ಬೆಳಗ್ಗೆ, ಒಲೆ ಉರಿಸುವ ಮೊದಲು, ಅಜ್ಜಿ ನನ್ನ ಚಾಪೆಯ ಹತ್ತಿರ ಬಂದು ಕೂರುತ್ತಿದ್ದರು. ಬೂದಿಯ, ತೆಂಗಿನೆಣ್ಣೆಯ ವಾಸನೆಯ ಬೆರಳು ರೆಪ್ಪೆಯ ಮೇಲೆ ಬರುತ್ತಿತ್ತು. ಅದುರುವವರೆಗೂ ಕಾಯುತ್ತಿದ್ದರು. ಅದುರಿದರೆ "ಹ್ಞಾಂ" ಎಂದು ಎದ್ದು ಒಲೆಗೆ ಹೋಗುತ್ತಿದ್ದರು. ನಾನು ಉಸಿರು ಬಿಗಿಹಿಡಿದು ಮಲಗಿರುತ್ತಿದ್ದೆ. ಆ ಬೆರಳಿನ ಕೆಳಗೆ ನನ್ನ ಇಡೀ ಸುಳ್ಳು ಇತ್ತು. ಅವರಿಗೆ ಸಿಗುತ್ತಿದ್ದದ್ದು ಅದರ ಮಿಡಿತ ಮಾತ್ರ.

ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಹಪ್ಪಳ ಒತ್ತಲು ಕೂತರೆ ಒಂದು ದಪ್ಪ, ಒಂದು ತೆಳು. ಕಾಗೆ ಓಡಿಸಲು ಕೋಲು ಹಿಡಿದರೆ ಹಪ್ಪಳವನ್ನೇ ತುಳಿಯುತ್ತಿದ್ದೆ. ಊಟದ ನಡುವೆ ಎದ್ದು ಅಂಚೆಯವನು ಬಂದನೇ ಎಂದು ಓಣಿಯ ತುದಿಗೆ ಓಡುತ್ತಿದ್ದೆ. ಬಾರದಿದ್ದರೆ ಸಿಟ್ಟು, ಬಂದು ನಮ್ಮ ಮನೆ ದಾಟಿ ಹೋದರೆ ಇನ್ನೂ ಸಿಟ್ಟು. ವಾಸು ಮಾವನ ಮೇಲೆ ನನಗೆ ಬಂದಷ್ಟು ಕೋಪ ಆಮೇಲೆ ಯಾರ ಮೇಲೂ ಬಂದಿಲ್ಲ. ಒಮ್ಮೊಮ್ಮೆ ಹೆದರಿಕೆ: ದೋಣಿ ಮುಂದೆಲ್ಲಾದರೂ ಮುಳುಗಿದ್ದರೆ? ಆಗ ನನಗೆ ಗೊತ್ತಿರುವುದೂ ಸುಳ್ಳೇ ಅಲ್ಲವೇ?

ಪಕ್ಕದ ಮನೆಯ ಲಿಲ್ಲಿಯೊಡನೆ ಕುಂಟಬಿಲ್ಲೆ ಆಡುವಾಗ ಅವಳು ಬಿಲ್ಲೆ ಎಸೆಯದೆ ನಿಂತಳು.

"ನೀನು ಯಾಕೆ ನಂಗೆ ಕಣ್ಣು ಹೊಡೆಯುವುದು?"

"ನಾನು ಹೊಡೆಯುವುದಲ್ಲ. ಅದೇ ಅದುರುವುದು."

"ಸುಳ್ಳು! ಸುಳ್ಳು ಹೇಳುವವರಿಗೇ ಕಣ್ಣು ಹಾಗಾಗುವುದು ಅಂತ ನಮ್ಮ ಅಮ್ಮ ಹೇಳಿದ್ದಾರೆ."

ನಾನು ಅವಳನ್ನು ದೂಡಿದೆ. ಅವಳ ಮೊಣಕಾಲು ತರಚಿತು. ಆಮೇಲೆ ಆಟವೂ ಇಲ್ಲವಾಯಿತು.

ಎರಡು ವಾರ ಕಳೆದ ಮೇಲೆ ಅಮ್ಮ ನನ್ನನ್ನು ಮೂಡುಬಿದಿರೆಗೆ ಕರೆದುಕೊಂಡು ಹೋದಳು. ಅಲ್ಲಿ ಕಣ್ಣಿಗೆ ಮದ್ದು ಕೊಡುವ ವಯಸ್ಸಾದ ಪಂಡಿತರೊಬ್ಬರಿದ್ದರು. ಸಿದ್ಧಕಟ್ಟೆಯ ದಾರಿಯಾಗಿ ಹೋಗುವ ಬಸ್ಸು. ಕೆಂಪು ಧೂಳಿನಲ್ಲಿ ನನ್ನ ಬಿಳಿ ರವಕೆ ಕಾವಿಯಾಯಿತು. ಪಂಡಿತರು ನನ್ನನ್ನು ಜಗಲಿಯ ಬೆಳಕಿಗೆ ಕೂರಿಸಿ ರೆಪ್ಪೆ ಮಗುಚಿ ನೋಡಿದರು.

"ಕಣ್ಣಿನ ಒಳಗೆ ಎಂತದ್ದೂ ಇಲ್ಲ. ನರ ದಣಿದದ್ದು. ಮಗು ಸರಿ ನಿದ್ದೆ ಮಾಡ್ತದಾ?"

"ನಮ್ಮ ಮನೆಯಲ್ಲಿ ಈಗ ಯಾರು ನಿದ್ದೆ ಮಾಡ್ತಾರೆ ಪಂಡಿತರೇ?" ಎಂದಳು ಅಮ್ಮ. ಪಂಡಿತರು ನೆತ್ತಿಗೆ ಹಚ್ಚಲು ಒಂದು ಎಣ್ಣೆ, ಕಣ್ಣಿಗೆ ಬಿಡಲು ಒಂದು ರಸ ಕೊಟ್ಟು, ಹದಿನೈದು ದಿನದಲ್ಲಿ ನಿಲ್ಲುತ್ತದೆ ಎಂದರು.

ಮನೆಗೆ ಬಂದು ಅಮ್ಮ ಕುಪ್ಪಿಗಳನ್ನು ನಾಗಂದಿಗೆಯ ಮೇಲಿಟ್ಟಳು. ಅವಳು ಕೈಕಾಲು ತೊಳೆದು ಬರುವಷ್ಟರಲ್ಲಿ ಅಜ್ಜಿ ಎರಡನ್ನೂ ಬಾಳೆಯ ಬುಡಕ್ಕೆ ಸುರಿದಿದ್ದರು.

"ಅಮ್ಮಾ, ನಿಮಗೆ ತಲೆ ಸರಿ ಉಂಟಾ? ಮಗುವಿನ ಕಣ್ಣು ಅದು!"

"ಅದನ್ನು ನಿಲ್ಲಿಸ್ಬೇಡ. ನಾನು ನಿನ್ನ ಕಾಲಿಗೆ ಬೀಳ್ತೇನೆ, ನಿಲ್ಲಿಸ್ಬೇಡ."

ತಾಯಿಯೇ ಮಗಳಿಗೆ ಹಾಗೆ ಹೇಳಿದ್ದನ್ನು ಕೇಳಿ ಅಮ್ಮ ಒಳಗೆ ಹೋದಳು. ಅಜ್ಜಿ ಕುಪ್ಪಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. "ನಾನೇ ಅಂದದ್ದು ಮಗಳೇ, ಹೊಳೆಗೆ ಬೀಳು ಅಂತ. ನಿನ್ನ ಎದುರಿಗೇ ಅಂದದ್ದಲ್ವಾ?"

ನನ್ನ ಕಣ್ಣು ಪಟಪಟ ಅದುರಿತು. ಅಜ್ಜಿ ಅದನ್ನೇ ನೋಡಿ ಸಮಾಧಾನಪಟ್ಟುಕೊಂಡರು.

ಮೇ ತಿಂಗಳು ಮುಗಿಯಿತು. ಕಾಗದ ಬರಲಿಲ್ಲ. ಘಟ್ಟದ ಕಡೆ ಗುಡುಗಲು ಸುರುವಾಯಿತು. ಒಣಗಿದ ಹಪ್ಪಳಗಳನ್ನು ಕಟ್ಟಿ ಅಟ್ಟಕ್ಕೆ ಏರಿಸಿದರು. ಒಂದು ಬೆಳಗ್ಗೆ ಎಚ್ಚರವಾದಾಗ ಕಣ್ಣು ಶಾಂತವಾಗಿತ್ತು. ಕೆಸರು ತಳಕ್ಕಿಳಿದ ಬಾವಿಯ ಹಾಗೆ. ಅದುರಲಿ ಎಂದು ಕಾದೆ. ಇಲ್ಲ. ಯಾವ ತೊಂದರೆ ತೊಲಗಲಿ ಎಂದು ಇಷ್ಟು ದಿನ ಬೇಡಿಕೊಂಡಿದ್ದೆನೋ ಅದು ತೊಲಗಿದಾಗ ನಾನು ಬೆರಳಿನಿಂದ ರೆಪ್ಪೆಯನ್ನು ತಟ್ಟಿ ಎಬ್ಬಿಸಲು ನೋಡಿದೆ. ಹೊರಗೆ ಅಜ್ಜಿಯ ಹೆಜ್ಜೆಯ ಸದ್ದು ಹತ್ತಿರ ಬರುತ್ತಿತ್ತು.

ಬೆರಳು ರೆಪ್ಪೆಯ ಮೇಲೆ ಕೂತಿತು. ಕಾಯಿತು. ನಾನು ರೆಪ್ಪೆಯನ್ನು ಬೇಕೆಂದೇ ಕುಣಿಸಿದೆ. ಒಮ್ಮೆ. ಮತ್ತೊಮ್ಮೆ. ಅಜ್ಜಿ "ಹ್ಞಾಂ" ಎನ್ನಲಿಲ್ಲ. ಬೆರಳು ಅಲ್ಲೇ ಇತ್ತು. ಮೂರನೆಯ ಸಲ ಕುಣಿಸಿದಾಗ ಅದು ಮೆಲ್ಲಗೆ ಹಿಂದೆ ಸರಿಯಿತು.

"ಇದು ನೀನು ಆಡಿಸುವುದು ಮಗಳೇ."

"ಅಲ್ಲ ಅಜ್ಜಿ. ಅದೇ..."

"ಯಾವಾಗ ನಿಂತಿತು?"

"ಇವತ್ತು."

ಅಜ್ಜಿ ತುಂಬ ಹೊತ್ತು ನನ್ನ ಚಾಪೆಯ ಅಂಚನ್ನು ಸವರುತ್ತಾ ಕೂತರು. ಬೈಯಲಿಲ್ಲ. ಎದ್ದು ಹೋಗಿ ಒಲೆ ಉರಿಸಲಿಲ್ಲ. ಒಳಗಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಆ ದಿನ ಗಂಜಿ ಮುಟ್ಟಲಿಲ್ಲ. ಮರುದಿನ ನೀರನ್ನೂ ಬೇಡವೆಂದರು. ದೊಡ್ಡ ಮಾವ ಬಾಗಿಲಲ್ಲಿ ನಿಂತು, "ಅಮ್ಮಾ, ತಪ್ಪು ನನ್ನದು, ನೀವು ಸ್ವಲ್ಪ ಎದ್ದು ಕೂರಿ" ಎಂದು ಅತ್ತರು. ಆ ದಪ್ಪ ಮೀಸೆಯ ಮನುಷ್ಯ ಅಳುವುದನ್ನು ನಾನು ಕಂಡದ್ದು ಅದೇ ಮೊದಲು. ಅಜ್ಜಿ ತಿರುಗಿ ನೋಡಲಿಲ್ಲ.

ಮೂರನೆಯ ದಿನ ಕಮಲಕ್ಕ ಅಂಗಳದಲ್ಲಿ ತರಗೆಲೆ ಗುಡಿಸುತ್ತಿದ್ದಳು. ನಾನು ಹೋಗಿ ಅವಳ ಹತ್ತಿರ ಕೂತೆ.

"ಕಮಲಕ್ಕ, ಒಬ್ಬರ ತಲೆಯ ಮೇಲೆ ಹಾಕಿದ ಆಣೆಯನ್ನು ತೆಗೀಲಿಕ್ಕೆ ಆಗ್ತದಾ?"

"ಧರ್ಮಸ್ಥಳಕ್ಕೆ ಹೋಗಿ ಬಿಡಿಸ್ಕೊಳ್ತಾರೆ. ನಿಂಗೆ ಯಾಕೆ?"

"ಧರ್ಮಸ್ಥಳಕ್ಕೆ ಹೋಗ್ಲಿಕ್ಕೆ ಆಗದಿದ್ರೆ?"

"ಆಗದಿದ್ರೆ ಆಣೆ ಹಾಕಿದವರೇ ಹೊತ್ಕೊಳ್ಬೇಕು, ಮತ್ತೆಂತ ಮಾಡುವುದು?" ಅವಳು ನಗುತ್ತಾ ಹಿಡಿಸೂಡಿ ಕುಟ್ಟಿಕೊಂಡಳು.

ಅವಳಿಗೆ ಅದು ಬಾಯಿಮಾತು. ನನಗೆ ದಾರಿ ಸಿಕ್ಕಿತು. ಹೇಳದಿದ್ದರೆ ಅಜ್ಜಿ ಹಸಿವಿನಿಂದ ಸಾಯುತ್ತಾರೆ, ಹೇಳಿದರೆ ಆಣೆಯಿಂದ ಸಾಯುತ್ತಾರೆ. ಆಣೆಯನ್ನು ನಾನು ಹೊತ್ತುಕೊಂಡರೆ ಅಜ್ಜಿ ಉಳಿಯುತ್ತಾರೆ. ನಾನು ಬಾವಿಕಟ್ಟೆಯಲ್ಲಿ ತಲೆಗೆ ನೀರು ಹೊಯ್ದುಕೊಂಡು, ಒದ್ದೆ ಲಂಗದಲ್ಲೇ ತುಳಸಿಕಟ್ಟೆಗೆ ಮೂರು ಸುತ್ತು ಬಂದೆ. "ಅಜ್ಜಿಯ ತಲೆಯ ಮೇಲಿದ್ದದ್ದು ನನ್ನ ತಲೆಗೆ ಬರಲಿ" ಎಂದು ಗಟ್ಟಿಯಾಗಿ ಹೇಳಿದೆ. ಮನಸ್ಸಿನಲ್ಲಿ ಹೇಳಿದರೆ ಲೆಕ್ಕಕ್ಕೆ ಬರಲಿಕ್ಕಿಲ್ಲ ಎಂದು ಹೆದರಿಕೆ. ಆಮೇಲೆ ಲಿಲ್ಲಿಯ ಮನೆಗೆ ಹೋಗಿ ನನ್ನ ಕಲ್ಲಾಟದ ಐದು ನುಣುಪು ಕಲ್ಲುಗಳನ್ನು ಅವಳ ಕೈಗೆ ಕೊಟ್ಟೆ. "ನಿಜವಾಗ್ಲೂ ನಂಗಾ?" ಎಂದಳು. ಹೌದೆಂದೆ. ಇಷ್ಟೆಲ್ಲ ಮುಗಿಸಿ ಅಜ್ಜಿಯ ಕೋಣೆಗೆ ಹೋದೆ.

"ಅಜ್ಜಿ, ವಾಸು ಮಾವ ಹೊಳೆಗೆ ಬೀಳ್ಲಿಲ್ಲ. ದೋಣಿಯಲ್ಲಿ ಮಂಗಳೂರಿಗೆ ಹೋದದ್ದು. ಬೊಂಬಾಯಿಗೆ ಹೋಗ್ಲಿಕ್ಕೆ."

ಗೋಡೆಯ ಕಡೆ ಇದ್ದ ಮುಖ ತಿರುಗಿತು.

"ನಿಂಗೆ ಯಾರು ಹೇಳಿದ್ದು?"

"ನಾನೇ ನೋಡಿದ್ದು. ಚಪ್ಪಲಿ ನನ್ನ ಕೈಗೆ ಕೊಟ್ಟದ್ದು. ನಾನು ಮರೆತದ್ದು."

ಅಜ್ಜಿ ಎದ್ದು ಕೂತರು. ಒಂದರ ಹಿಂದೆ ಒಂದು ಪ್ರಶ್ನೆ. ದೋಣಿಯಲ್ಲಿ ಎಂತ ತುಂಬಿಸಿದ್ದರು? ಅವನ ಮೈಮೇಲೆ ಯಾವ ಅಂಗಿ? ಕೈಯಲ್ಲಿ ಗಂಟಿತ್ತಾ? ಅಳುತ್ತಿದ್ದನಾ? ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ಕೊನೆಗೆ ಅವರ ಬಲಗೈ ಮೇಲಕ್ಕೆ ಬಂತು. ಹೊಡೆತ ಬೀಳುತ್ತದೆಂದು ನಾನು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಅವರು ಅದೇ ಕೈಯನ್ನು ಗೋಡೆಗೆ ಊರಿ ಎದ್ದು ನಿಂತು ಅಡುಗೆಮನೆಯ ಕಡೆ ಕೂಗಿದರು, "ಗಂಜಿ ಉಂಟಾ?"

ನನ್ನ ಕಡೆ ಮತ್ತೆ ನೋಡಲಿಲ್ಲ.

ನಾನು ಹಬ್ಬದ ಲಂಗ ಹಾಕಿಕೊಂಡು ಚಾವಡಿಯ ಮೂಲೆಯಲ್ಲಿ ಚಾಪೆ ಬಿಡಿಸಿ ಮಲಗಿದೆ. ಸಾವು ಕಾಲಿನಿಂದ ಬರುತ್ತದೋ ತಲೆಯಿಂದ ಬರುತ್ತದೋ ಗೊತ್ತಿರಲಿಲ್ಲ. ಹೊರಗೆ ಗಲಾಟೆ ಕೇಳಿಸುತ್ತಿತ್ತು: ದೊಡ್ಡ ಮಾವ ಅಂಗಡಿಯಿಂದ ಓಡಿ ಬಂದದ್ದು, ಕೊಡೆ ಹುಡುಕಿದ್ದು, ಮಂಗಳೂರಿನ ಬಸ್ಸಿಗೆ ಓಡಿದ್ದು. ಅಮ್ಮ ಬಂದು ನನ್ನ ಹಣೆ ಮುಟ್ಟಿದಳು.

"ಯಾಕೆ ಮಲಗಿದ್ದಿ? ಜ್ವರ ಉಂಟಾ?"

"ನಾನು ಸಾಯ್ತೇನೆ ಅಮ್ಮ. ಅಜ್ಜಿಯ ತಲೆಯಾಣೆಯನ್ನು ನಾನು ತೆಗೆದುಕೊಂಡಿದ್ದೇನೆ."

ಎಲ್ಲವನ್ನೂ ಹೇಳಿದೆ. ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ಬಂದರು. ಗಂಜಿ ಉಂಡ ಕೈ ಇನ್ನೂ ಒದ್ದೆ. ನನ್ನ ತಲೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು.

"ಆಣೆ ಹಾಕಿಸುವವನು ಮನುಷ್ಯ ಆಗಿರ್ಬೇಕು. ಅವ ಕತ್ತೆ. ಕತ್ತೆ ಹಾಕಿಸಿದ ಆಣೆ ಯಾರಿಗೂ ತಾಗುವುದಿಲ್ಲ. ಏಳು."

"ನಿಜವಾಗ್ಲೂ?"

"ನಾನು ಸತ್ತಿದ್ದೇನಾ? ನೋಡು."

ನೋಡಿದೆ. ಸತ್ತಿರಲಿಲ್ಲ. ಆಮೇಲೆ ನಾನು ಎಷ್ಟು ಅತ್ತೆನೆಂದರೆ ಅಜ್ಜಿಯ ಸೀರೆಯ ಮಡಿಲು ಒದ್ದೆಯಾಯಿತು. ಆ ಅಳುವಿನ ನಡುವೆಯೇ ನಿದ್ದೆ ಬಂತು. ತಿಂಗಳಿನ ಮೇಲೆ ಬಂದ ಮೊದಲ ಸರಿಯಾದ ನಿದ್ದೆ. ಎದ್ದಾಗ ಮಳೆ ಹಿಡಿದಿತ್ತು.

ದೊಡ್ಡ ಮಾವ ಮರುದಿನ ಮಂಗಳೂರಿನಿಂದ ಬಂದರು. ಬಂದರಿನಲ್ಲಿ ಆ ಕಟ್ಟಿಗೆ ದೋಣಿಯವನು ಸಿಕ್ಕಿದ್ದ. ಅಂಥ ಹುಡುಗನನ್ನು ತಾನೇ ಸ್ಟೀಮರಿಗೆ ಹತ್ತಿಸಿದ್ದೆಂದು ಹೇಳಿದನಂತೆ. ಜುಲೈ ಹೊತ್ತಿಗೆ, ಆಟಿ ತಿಂಗಳ ಮಳೆಯಲ್ಲಿ ಒದ್ದೆಯಾದ ಒಂದು ಕಾರ್ಡು ಬಂತು. ಹೋಟೆಲಿನಲ್ಲಿ ಕೆಲಸ ಸಿಕ್ಕಿದೆ, ಹೋದ ಕೂಡಲೇ ಜ್ವರ ಬಂದು ಮಲಗಿದ್ದೆ, ಏನೆಂದು ಬರೆಯುವುದೆಂದು ತಿಳಿಯದೆ ತಡವಾಯಿತು, ಇಷ್ಟೇ. ಅಮ್ಮ ಅದನ್ನು ಓದಿ ಹೇಳಿದಳು. ಅಜ್ಜಿ ಮೂರು ಸಲ ಓದಿಸಿದರು.

ಅಜ್ಜಿ ನನ್ನ ಆಣೆಯನ್ನು ಕ್ಷಮಿಸಿದರು. ಆ ಬೆಳಗುಗಳನ್ನು ಕ್ಷಮಿಸಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಮಳೆಗಾಲದಲ್ಲಿ ಒಂದು ದಿನ, ಹಲಸಿನ ಬೀಜ ಸುಡುತ್ತಾ ಕೂತಿದ್ದಾಗ, ಕೆಂಡದಿಂದ ಕಣ್ಣೆತ್ತದೆ ಹೇಳಿದರು, "ಒಂದು ತಿಂಗಳು ನನ್ನ ಬೆರಳಿನ ಅಡಿಯಲ್ಲಿ ಗೊತ್ತಿದ್ದೂ ಮಲಗಿದ್ದಿ ಅಲ್ವಾ ನೀನು?" ಅವರು ಸುಟ್ಟ ಬೀಜವೊಂದನ್ನು ಸಿಪ್ಪೆ ಸುಲಿದು ನನ್ನ ಕಡೆ ತಳ್ಳಿದರು. ಅದಕ್ಕಿಂತ ಹೆಚ್ಚು ಆ ವಿಷಯ ಮತ್ತೆ ಎಂದೂ ಬರಲಿಲ್ಲ.

ನಾಲ್ಕು ವರ್ಷದ ಮೇಲೆ ವಾಸು ಮಾವ ಬಂದ. ಟೆರಿಲಿನ್ ಅಂಗಿ, ಬಾಚಿ ನಿಲ್ಲಿಸಿದ ಕೂದಲು, ತಗಡಿನ ಪೆಟ್ಟಿಗೆಯ ತುಂಬ ಬಿಸ್ಕತ್ತು. ಅಣ್ಣತಮ್ಮ ಇಬ್ಬರೂ ಜಗಲಿಯಲ್ಲಿ ಎದುರೆದುರು ನಿಂತು ಏನು ಹೇಳುವುದೆಂದು ತಿಳಿಯದೆ, ಬೊಂಬಾಯಿಯಲ್ಲಿ ಅಕ್ಕಿಯ ಧಾರಣೆ ಹೇಗುಂಟು ಎಂದು ಮಾತಾಡಿಕೊಂಡರು. ಅವನು ಒಬ್ಬನೇ ಸಿಕ್ಕಾಗ ನಾನು ಕೇಳಿದೆ, "ಮಾವ, ಆ ದಿನ ಯಾಕೆ ನನ್ನಿಂದ ಅಜ್ಜಿಯ ಆಣೆ ಹಾಕಿಸಿದ್ದು?"

"ಯಾವ ಆಣೆ ಮಾರಾಯ್ತಿ?" ಎಂದ. ನಿಜವಾಗಿಯೂ ಅವನಿಗೆ ನೆನಪಿರಲಿಲ್ಲ. ದೋಣಿ ನೆನಪಿತ್ತು, ಹೊಳೆಯ ತಣ್ಣಗಿನ ನೀರು ನೆನಪಿತ್ತು. ನಾನು ಅವನ ಜೊತೆ ಕಟ್ಟೆಗೆ ಬಂದದ್ದೂ ಸ್ವಲ್ಪ ನೆನಪಿತ್ತು. ನಾನು ಮತ್ತೆ ಏನೂ ಹೇಳಲಿಲ್ಲ. ಹೇಳಿದ್ದರೆ ಅವನು ನೊಂದುಕೊಳ್ಳುತ್ತಿದ್ದ, ನೊಂದುಕೊಂಡು ಏನಾಗಬೇಕಿತ್ತು?

ಈಗ ಅವರು ಯಾರೂ ಇಲ್ಲ. ಹೊಳೆಯಲ್ಲಿ ಸರಕಿನ ದೋಣಿ ನಿಂತು ಎಷ್ಟೋ ಕಾಲವಾಯಿತು. ಆ ಓಣಿಯಲ್ಲಿ ಈಗ ವಾಹನ ನಿಲ್ಲಿಸುತ್ತಾರೆ. ಹೋದ ವರ್ಷ ನನ್ನ ಎಡಗಣ್ಣು ಮತ್ತೆ ಅದುರಿತು, ಎರಡು ವಾರ. ಡಾಕ್ಟರರು ಕಾಫಿ ಕಡಿಮೆ ಮಾಡಿ, ಮೊಬೈಲು ನೋಡಬೇಡಿ, ಚೆನ್ನಾಗಿ ನಿದ್ದೆ ಮಾಡಿ ಎಂದರು. ಸರಿಯಾದ ಮಾತೇ. ಮಗನಿಗೆ ಹೇಳಿದೆ, ಅವನೂ ಒಳ್ಳೆಯವನೇ, ಹನಿ ಮದ್ದು ತಂದುಕೊಟ್ಟ, ನಾಲ್ಕು ದಿನ ತಪ್ಪದೆ ಕೇಳಿದ. ಈ ಮನೆಯಲ್ಲಿ ಯಾರು ಎಲ್ಲಿದ್ದಾರೆಂದು ಮೊಬೈಲಿನಲ್ಲಿ ಕೇಳಿದ ಕ್ಷಣದಲ್ಲಿ ಗೊತ್ತಾಗುತ್ತದೆ. ಯಾರೂ ಯಾರನ್ನೂ ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ. ಅದು ಒಳ್ಳೆಯದೇ. ಅಂಥ ಒಂದು ತಿಂಗಳನ್ನು ನಾನು ಯಾವ ಮಗುವಿಗೂ ಬಯಸುವುದಿಲ್ಲ.

ಆದರೂ ಆ ಎರಡು ವಾರ ಬೆಳಗ್ಗೆ ಎಚ್ಚರವಾಗುತ್ತಲೇ ಎದ್ದುಬಿಡಲು ನನಗೆ ಮನಸ್ಸಾಗುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೆಯೇ ಮಲಗಿರುತ್ತಿದ್ದೆ. ರೆಪ್ಪೆ ತನ್ನ ಪಾಡಿಗೆ ಅದುರುತ್ತಿತ್ತು. ಅದರಿಂದ ಯಾರಿಗೂ ಯಾವ ಸುದ್ದಿಯೂ ಬರಬೇಕಾಗಿರಲಿಲ್ಲ.